ಪುಪ್ಪುಸದ ಗಂಟು, ತಲೆಯ ಸ್ಕ್ಯಾನ್, ಮೇಣದ ಬ್ಲಾಕ್

ಶ್ವಾಸಕೋಶದ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ವೈದ್ಯರು ‘ಇನ್ನೊಂದು ಜೀನ್ ಟೆಸ್ಟ್ ಮಾಡಿಸಬೇಕು’ ಅಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದಲ್ಲ. ‘ಅಂದ್ರ ಇದು ವಂಶದಾಗ ಬಂದದ್ದೇನ್ರಿ ಡಾಕ್ಟ್ರ? ಮನ್ಯಾಗ ಲಗ್ನಕ್ಕ ಬಂದ ಮಗಳದಾಳ್ರಿ’ ಎಂಬ ಅಂಜಿಕೆ ಮೊದಲು. ಬೈಲಹೊಂಗಲದಲ್ಲಿರಲಿ, ರಾಮದುರ್ಗದಲ್ಲಿರಲಿ, ಜೀನ್ ಎಂದರೆ ಮನೆತನ, ಮನೆತನ ಎಂದರೆ ಬೀಗತನ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಈ ಪರೀಕ್ಷೆ ನೋಡುವುದು ತಂದೆ-ತಾಯಿಯಿಂದ ಬಂದ ಜೀನುಗಳನ್ನಲ್ಲ, ಗಂಟಿನ ಜೀನುಗಳನ್ನು. ಐವತ್ತೋ ಅರವತ್ತೋ ವರ್ಷ ನೆಟ್ಟಗೆ ಕೆಲಸ ಮಾಡಿದ ಪುಪ್ಪುಸದ ಒಂದು ಜೀವಕೋಶದಲ್ಲಿ, ಅದು ಎರಡಾಗಿ ಸೀಳುವ ಹೊತ್ತಿಗೆ, ಡಿಎನ್‌ಎ ನಕಲಿನಲ್ಲಿ ಒಂದು ತಪ್ಪು ನುಸುಳಿದೆ. ಆ ತಪ್ಪು ಆ ಕೋಶದ ಸಂತತಿಯಲ್ಲಿ ಮಾತ್ರ ಇದೆ. ರೋಗಿಯ ರಕ್ತದ ಕಣಗಳಲ್ಲಿ, ಚರ್ಮದಲ್ಲಿ ಇಲ್ಲ, ಮಕ್ಕಳಿಗೆ ದಾಟುವುದಿಲ್ಲ. ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದರೆ ಅದು ಮನೆತನದ ಮೇಲಿನ ಷರಾ ಅಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ಬಹುತೇಕ ಒಳ್ಳೆಯ ಸುದ್ದಿ.

ಒಳ್ಳೆಯ ಸುದ್ದಿ ಹೇಗೆ ಎಂಬುದಕ್ಕೆ 2004ಕ್ಕೆ ಹೋಗಬೇಕು. ಜೆಫಿಟಿನಿಬ್ ಎಂಬ ಮಾತ್ರೆ ಆಗಷ್ಟೇ ಬಂದಿತ್ತು. ಹೆಚ್ಚಿನವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಕೆಲವೇ ಕೆಲವರಲ್ಲಿ ಮಾತ್ರ ಗಂಟು ಕರಗಿ ಹೋಗುತ್ತಿತ್ತು. ಯಾರಲ್ಲಿ, ಏಕೆ ಎಂದು ಹುಡುಕಿದ ಅಮೆರಿಕದ ತಂಡಗಳಿಗೆ ಸಿಕ್ಕ ಉತ್ತರ ಇಜಿಎಫ್‌ಆರ್ ಎಂಬ ಜೀನಿನ ಮ್ಯುಟೇಶನ್. ಕೋಶಕ್ಕೆ ‘ಬೆಳೆ’ ಎಂಬ ಹೊರಗಿನ ಆದೇಶವನ್ನು ಒಳಗೆ ಒಯ್ಯುವ ಪ್ರೋಟೀನನ್ನು ಮಾಡುವ ಜೀನು ಅದು. ಜೀನು ಕೆಟ್ಟಾಗ ಆದೇಶ ಬಾರದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ. ಮೂರು ವರ್ಷದ ನಂತರ, 2007ರಲ್ಲಿ, ಜಪಾನಿನ ಹಿರೊಯುಕಿ ಮಾನೊ ಅವರ ತಂಡ ಇನ್ನೊಂದನ್ನು ಕಂಡುಹಿಡಿಯಿತು: ಎರಡು ಜೀನುಗಳು ಮುರಿದು ತಪ್ಪಾಗಿ ಬೆಸೆದುಕೊಂಡು ಹುಟ್ಟುವ ಆಲ್ಕ್ ಸಮ್ಮಿಳನ. ಇದು ನೂರರಲ್ಲಿ ನಾಲ್ಕೈದು ಜನರಲ್ಲಿ ಮಾತ್ರ, ಅದೂ ಸಾಮಾನ್ಯವಾಗಿ ವಯಸ್ಸು ಕಡಿಮೆ ಇದ್ದವರಲ್ಲಿ, ಧೂಮಪಾನ ಮಾಡದವರಲ್ಲಿ. ಇಜಿಎಫ್‌ಆರ್ ಅಷ್ಟು ಅಪರೂಪವಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಒಂಬೈನೂರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಜನರಲ್ಲಿ ಅದು ಇತ್ತು.

ನಮ್ಮಲ್ಲಿ ಪುಪ್ಪುಸದ ಕ್ಯಾನ್ಸರ್ ಅಂದರೆ ಬೀಡಿಯ ಮುದುಕರ ರೋಗ ಎಂಬ ಚಿತ್ರ ಗಟ್ಟಿಯಾಗಿ ಕೂತಿದೆ. ಅದೇನು ಸುಳ್ಳಲ್ಲ, ನಿಪ್ಪಾಣಿಯ ತಂಬಾಕು ಬೆಳೆಯುವ ಬೆಳಗಾವಿ ಜಿಲ್ಲೆ ನಮ್ಮದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ಯಾವುದೋ ರೂಪದಲ್ಲಿ ತಂಬಾಕು ಬಳಸುವವರು. ಆದರೆ ಜೀವಮಾನದಲ್ಲಿ ಬೀಡಿ ಮುಟ್ಟದ, ಒಲೆಯ ಮುಂದೆ ಊದುಗೊಳವೆ ಹಿಡಿದು ಬದುಕು ಸವೆಸಿದ ಹೆಂಗಸರಿಗೂ ಈ ರೋಗ ಬರುತ್ತದೆ. ಮನೆಯೊಳಗಿನ ಕಟ್ಟಿಗೆಯ ಹೊಗೆ ಕ್ಯಾನ್ಸರ್ ತರುವ ಸಂಭವವಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿ ಮಾಡಿದೆ. ‘ಇವರು ಬೀಡಿ ಸೇದೋದಿಲ್ಲ, ಕ್ಯಾನ್ಸರ್ ಇರಲಿಕ್ಕಿಲ್ಲ’ ಎಂದು ಕೆಮ್ಮನ್ನು ತಳ್ಳಿಹಾಕಿದ್ದು ಎಷ್ಟು ಮನೆಗಳಲ್ಲಿ ನಡೆದಿಲ್ಲ! ವಿಚಿತ್ರವೆಂದರೆ ಮಾತ್ರೆಗೆ ಜಗ್ಗುವ ಮ್ಯುಟೇಶನ್ ಸಿಗುವ ಸಂಭವ ಹೆಚ್ಚಿರುವುದು ಬೀಡಿ ಸೇದದ ಇಂಥವರಲ್ಲೇ.

ಇನ್ನು ತಲೆಯ ವಿಷಯ. ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹಬ್ಬುವುದು ಅಪರೂಪದ ಅನಾಹುತವಲ್ಲ, ಅದರ ರೂಢಿಯ ದಾರಿ. ರೋಗ ಪತ್ತೆಯಾಗುವ ದಿನವೇ ಹತ್ತರಲ್ಲಿ ಒಬ್ಬಿಬ್ಬರ ಮೆದುಳಿನಲ್ಲಿ ಅದು ಕೂತಿರುತ್ತದೆ. ಕೆಲವರಲ್ಲಂತೂ ಎದೆಯ ರೋಗ ಗೊತ್ತಾಗುವುದೇ ತಲೆಯಿಂದ. ಬೆಳಗಿನ ಜಾವ ಹೆಚ್ಚಾಗುವ ತಲೆನೋವು, ವಾಂತಿ, ಎಂದೂ ಇಲ್ಲದ ಫಿಟ್ಸ್, ತೊದಲುವ ಮಾತು, ಸೋಲುವ ಒಂದು ಕೈ. ‘ಲಕ್ವಾ ಹೊಡದೈತಿ’ ಎಂದು ಎಣ್ಣೆ ತಿಕ್ಕಿಸಿಕೊಳ್ಳಲು, ನಾಟಿ ಔಷಧಿಗೆ ಊರೂರು ಅಲೆಯುವುದರಲ್ಲಿ ವಾರಗಳು ಕಳೆದುಹೋಗುತ್ತವೆ. ಪಾರ್ಶ್ವವಾಯು ಸಾಮಾನ್ಯವಾಗಿ ಒಮ್ಮೆಲೇ ಬಡಿಯುತ್ತದೆ. ಗಂಟಿನಿಂದ ಬರುವ ಸೋಲು ದಿನದಿನಕ್ಕೆ ಏರುವುದೇ ಹೆಚ್ಚು. ಎರಡಕ್ಕೂ ಬೇಕಾದದ್ದು ಸ್ಕ್ಯಾನ್, ಎಣ್ಣೆಯಲ್ಲ.

ಮೆದುಳಿಗೇ ಏಕೆ ಹೋಗುತ್ತದೆ? ದೇಹದ ತೂಕದ ನೂರಕ್ಕೆ ಎರಡು ಭಾಗದಷ್ಟಿರುವ ಈ ಅಂಗ ಹೃದಯ ಪಂಪು ಮಾಡುವ ರಕ್ತದ ಆರನೇ ಒಂದು ಭಾಗಕ್ಕೆ ಸಮನಾದದ್ದನ್ನು ಎಳೆದುಕೊಳ್ಳುತ್ತದೆ. ಶ್ವಾಸಕೋಶದಿಂದ ಹೊರಟ ರಕ್ತ ನೇರ ಹೃದಯದ ಎಡಭಾಗಕ್ಕೆ, ಅಲ್ಲಿಂದ ತಲೆಗೆ. ನಡುವೆ ಸೋಸುವ ಅಂಗವಿಲ್ಲ. ಆದರೆ ರಕ್ತದ ಹರಿವು ಒಂದರಿಂದಲೇ ಎಲ್ಲವನ್ನೂ ವಿವರಿಸಲು ಬಾರದು ಎಂದು 1889ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಹೇಳಿದ್ದ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆ ಇಟ್ಟುಕೊಂಡು, ರಕ್ತ ಎಲ್ಲ ಕಡೆ ಹರಿದರೂ ಗಂಟು ಯಕೃತ್ತಿನಲ್ಲಿ ಎದ್ದಷ್ಟು ಗುಲ್ಮದಲ್ಲಿ ಏಕೆ ಏಳುವುದಿಲ್ಲ ಎಂದು ಕೇಳಿದ. ಬೀಜ ಎಲ್ಲ ಕಡೆ ಚೆಲ್ಲುತ್ತದೆ, ಒಪ್ಪುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ಉತ್ತರ. ಸವದತ್ತಿ, ರಾಮದುರ್ಗದ ಎರೆಹೊಲದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿಯಲ್ಲಿ ಮಳೆ ನಿಂತ ಮೇಲೂ ಎರೆಯ ಹಸಿಯನ್ನೇ ಕುಡಿದು ಕಡಲೆ, ಬಿಳಿಜೋಳ ಏಳುತ್ತವೆ. ಅದೇ ಬೀಜ ಮಸಾರಿಯಲ್ಲಿ ಬಿತ್ತಿದರೆ ಕತೆ ಬೇರೆ. ಇಂದಿನ ಜೀನ್ ಸಂಶೋಧನೆ ಕೇಳುತ್ತಿರುವ ಪ್ರಶ್ನೆ ಇದೇ ಸಾಲಿನದು: ಮೆದುಳೆಂಬ ನೆಲಕ್ಕೆ ಹೊಂದುವ ಬೀಜವನ್ನು ಮೊದಲೇ ಗುರುತಿಸಬಹುದೇ?

ನೆಲವೇನೂ ಸುಲಭದ್ದಲ್ಲ. 1885ರಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಎಲ್ಲ ಅಂಗಗಳೂ ಬಣ್ಣ ಹಿಡಿದವು, ಮೆದುಳು ಬೆಳ್ಳಗೇ ಉಳಿಯಿತು. ಮೆದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೇನೋ ಎಂದುಕೊಂಡ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ಬೆನ್ನುಹುರಿಯ ದ್ರವಕ್ಕೇ ಹಾಕಿದ; ಮೆದುಳು ಬಣ್ಣ ಹಿಡಿಯಿತು, ಉಳಿದ ದೇಹ ಹಿಡಿಯಲಿಲ್ಲ. ಅಂದರೆ ರಕ್ತಕ್ಕೂ ಮೆದುಳಿಗೂ ನಡುವೆ ತಡೆ ಇದೆ. ಮೆದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಬಿರುಕಿಲ್ಲದಂತೆ ಹೊಂದಿಕೊಂಡಿರುತ್ತವೆ. ಸಾಲದ್ದಕ್ಕೆ ಒಳಗೆ ನುಸುಳಿದ ಪದಾರ್ಥವನ್ನು ಹಿಡಿದು ರಕ್ತಕ್ಕೇ ವಾಪಸು ತಳ್ಳುವ ಪ್ರೋಟೀನುಗಳೂ ಆ ಗೋಡೆಯಲ್ಲಿವೆ.

ತಡೆ ದಾಟಿದ ಕ್ಯಾನ್ಸರ್ ಕೋಶಗಳಲ್ಲೂ ಬಹುಪಾಲು ಅಲ್ಲೇ ಸಾಯುತ್ತವೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಜೊವಾನ್ ಮಸಾಗೆ ಅವರ ತಂಡ 2014ರಲ್ಲಿ ಇದರ ಒಳಗುಟ್ಟು ತೋರಿಸಿತು. ಮೆದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್ ಕೋಶಗಳು ಪರಕೀಯ ಕೋಶ ಬಂದಾಗ ಪ್ಲಾಸ್ಮಿನ್ ಎಂಬ ಕಿಣ್ವ ತಯಾರಾಗುವಂತೆ ಮಾಡಿ ಅದನ್ನು ಕೊಲ್ಲುತ್ತವೆ. ಬದುಕುಳಿಯುವುದು ಸರ್ಪಿನ್ ಎಂಬ ಪ್ರೋಟೀನು ಸುರಿಸಿ ಪ್ಲಾಸ್ಮಿನ್ ಹುಟ್ಟದಂತೆ ತಡೆಯುವ ಕ್ಯಾನ್ಸರ್ ಕೋಶ ಮಾತ್ರ. ಎರಡು ವರ್ಷದ ನಂತರ ಅದೇ ತಂಡ ಇನ್ನೂ ಅಂಜಿಕೆ ಹುಟ್ಟಿಸುವ ಸಂಗತಿ ಕಂಡಿತು. ಕೆಲವು ಕ್ಯಾನ್ಸರ್ ಕೋಶಗಳು ಪಿಸಿಡಿಎಚ್7 ಎಂಬ ಪ್ರೋಟೀನಿನ ನೆರವಿನಿಂದ ಆಸ್ಟ್ರೊಸೈಟುಗಳ ಜೊತೆಗೇ ನೇರ ಕೊಂಡಿ ಹಾಕಿಕೊಳ್ಳುತ್ತವೆ. ಆ ಕೊಂಡಿಯ ಮೂಲಕ ಕಳಿಸಿದ ಸಂಕೇತಕ್ಕೆ ಮರುಳಾಗಿ, ಕೊಲ್ಲಬೇಕಾದ ಕೋಶವೇ ಗಂಟು ಬೆಳೆಯಲು ಬೇಕಾದ ರಾಸಾಯನಿಕಗಳನ್ನು ಒದಗಿಸತೊಡಗುತ್ತದೆ. ಇವೆಲ್ಲ ಹೆಚ್ಚಿನಂಶ ಇಲಿಗಳಲ್ಲಿ ಕಂಡದ್ದು, ನಿಜ. ಆದರೂ ಇಷ್ಟು ಸೊಗಸಾದ ಜೀವವಿಜ್ಞಾನವನ್ನು ಇತ್ತೀಚೆಗೆ ನಾನು ಓದಿಲ್ಲ.

ಮನುಷ್ಯರಲ್ಲಿ? 2015ರಲ್ಲಿ ಪ್ರಿಸಿಲ್ಲಾ ಬ್ರಾಸ್ಟಿಯಾನೊಸ್ ಮತ್ತು ಸಂಗಡಿಗರು 86 ರೋಗಿಗಳ ಮೂಲ ಗಂಟನ್ನೂ ಮೆದುಳಿನ ಗಂಟನ್ನೂ ಅಕ್ಕಪಕ್ಕ ಇಟ್ಟು ಡಿಎನ್‌ಎ ಓದಿದರು. ಅವರಲ್ಲಿ ಬೇರೆ ಬೇರೆ ಅಂಗಗಳ ಕ್ಯಾನ್ಸರಿನವರಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಚಿಕಿತ್ಸೆಗೆ ದಾರಿ ತೋರಬಹುದಾದ ಒಂದಲ್ಲ ಒಂದು ಬದಲಾವಣೆ ಮೆದುಳಿನ ಗಂಟಿನಲ್ಲಿತ್ತು, ಮೂಲ ಗಂಟಿನಲ್ಲಿ ಕಾಣಲಿಲ್ಲ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಪುಪ್ಪುಸದಿಂದ ಮೆದುಳಿಗೆ ಹೋದ ಗಂಟುಗಳನ್ನೇ ನೋಡಿ, ಎಂವೈಸಿ, ವೈಎಪಿ1, ಎಂಎಂಪಿ13 ಎಂಬ ಮೂರು ಜೀನುಗಳ ಪ್ರತಿಗಳು ಅಲ್ಲಿ ಹೆಚ್ಚಾಗಿ ಗುಣಿಸಿಕೊಂಡಿರುತ್ತವೆ ಎಂದಿತು. ಇನ್ನು ಕೆಲವರು ಗಂಟನ್ನು ಬಿಟ್ಟು ರೋಗಿ ಹುಟ್ಟಿನಿಂದ ಪಡೆದ ಎಕೆಟಿ1, ಪಿಐಕೆ3ಸಿಎ ಮೊದಲಾದ ಜೀನುಗಳಲ್ಲಿನ ಸಣ್ಣ ವ್ಯತ್ಯಾಸಗಳನ್ನು ರಕ್ತದಲ್ಲಿ ನೋಡಿ, ಯಾರ ಮೆದುಳಿಗೆ ರೋಗ ಹೋದೀತು ಎಂದು ಅಂದಾಜು ಕಟ್ಟಲು ಹೊರಟರು. 2024ರಲ್ಲಿ ಅಮೆರಿಕದ ಸೇಂಟ್ ಲೂಯಿ ಮತ್ತು ಕ್ಯಾಲ್‌ಟೆಕ್‌ನ ತಂಡ ಜೀನನ್ನೂ ಬದಿಗಿಟ್ಟಿತು. ಸಾಮಾನ್ಯ ಬಯಾಪ್ಸಿ ಗಾಜಿನ ಚಿತ್ರವನ್ನು ಕಂಪ್ಯೂಟರಿಗೆ ತೋರಿಸಿ ಭವಿಷ್ಯ ಹೇಳಿಸಿತು, ಅನುಭವಿ ಪೆಥಾಲಜಿಸ್ಟರಿಗಿಂತ ಅದು ಚೆನ್ನಾಗಿ ಹೇಳಿತು. ಸಣ್ಣ ಊರಿನ ಲ್ಯಾಬಿಗೆ ಮುಂದೊಂದು ದಿನ ದಕ್ಕಬಹುದಾದದ್ದು ಇದೇ ಇರಬಹುದು ಎಂದು ನನಗನ್ನಿಸುತ್ತದೆ. ಗಾಜು ಎಲ್ಲ ಕಡೆ ಇರುತ್ತದೆ, ಚಿತ್ರ ತಂತಿಯಲ್ಲಿ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಮೆದುಳಿಗೆ ಹಬ್ಬುವುದನ್ನು ಮುಂಗಾಣುವ ಜೀನುಗಳೆಂದು ಪ್ರಕಟವಾದ ಪಟ್ಟಿಗಳು ಎಷ್ಟೋ ಇವೆ, ಹೆಚ್ಚಿನವು ಕೆಲವು ನೂರು ರೋಗಿಗಳ ಮೇಲೆ ನಿಂತವು. ಒಂದು ಊರಿನಲ್ಲಿ ಸಿಕ್ಕದ್ದು ಇನ್ನೊಂದು ಊರಿನಲ್ಲಿ ಸಿಗುವುದಿಲ್ಲ. ವಾರ್ಡಿನಲ್ಲಿ ಇವತ್ತು ವೈದ್ಯರು ಕೈಗೆತ್ತಿಕೊಳ್ಳುವ ಗುರುತುಗಳು ಮತ್ತೆ ಆ ಹಳೆಯವೇ: ಇಜಿಎಫ್‌ಆರ್ ಮತ್ತು ಆಲ್ಕ್. ಇವೆರಡರಲ್ಲಿ ಒಂದಿರುವವರಲ್ಲಿ ರೋಗ ಪತ್ತೆಯಾಗುವಾಗಲೇ ಸುಮಾರು ನಾಲ್ವರಲ್ಲಿ ಒಬ್ಬರ ಮೆದುಳಿನಲ್ಲಿ ಗಂಟಿರುತ್ತದೆ, ಮುಂದಿನ ವರ್ಷಗಳಲ್ಲಿ ಆ ಪ್ರಮಾಣ ಏರುತ್ತದೆ. ಇದಕ್ಕೆ ಆ ಜೀನೇ ಕಾರಣವೋ, ಅಥವಾ ಮಾತ್ರೆಯಿಂದ ಈ ರೋಗಿಗಳು ಹೆಚ್ಚು ಕಾಲ ಬದುಕುವುದರಿಂದ ರೋಗಕ್ಕೆ ತಲೆ ಮುಟ್ಟಲು ಸಮಯ ಸಿಗುತ್ತದೆಯೋ ಎಂಬ ವಾದ ಮುಗಿದಿಲ್ಲ. ಎರಡೂ ಸೇರಿಯೇ ಇರಬೇಕು. ಹಳೆಯ ಮಾತ್ರೆಗಳು ಎದೆಯ ಗಂಟನ್ನು ಕರಗಿಸುತ್ತಿದ್ದವು, ಮೆದುಳಿನ ತಡೆ ದಾಟಲಾರದೆ ಸೋಲುತ್ತಿದ್ದವು. ಆಲ್ಕ್‌ಗೆ ಕೊಡುವ ಕ್ರಿಜೋಟಿನಿಬ್ ಮಾತ್ರೆಯ ಕತೆ ಅದೇ: ಒಳಹೊಕ್ಕಷ್ಟನ್ನೂ ರಕ್ತನಾಳದ ಗೋಡೆ ಹೊರದಬ್ಬುತ್ತಿತ್ತು. ಎದೆ ಶುದ್ಧವಾಗಿದ್ದು ತಲೆಯಲ್ಲಿ ರೋಗ ಕೆರಳುವ ವಿಪರೀತ ಹೀಗೆ ಹುಟ್ಟಿತು.

ಆಮೇಲೆ ರಸಾಯನಶಾಸ್ತ್ರಜ್ಞರು ತಡೆ ದಾಟುವಂತೆಯೇ ಅಣುಗಳನ್ನು ಕಟ್ಟಿದರು. 2017ರಲ್ಲಿ ಪ್ರಕಟವಾದ ಅಲೆಕ್ಸ್ ಪ್ರಯೋಗದಲ್ಲಿ, ಕ್ರಿಜೋಟಿನಿಬ್ ನುಂಗಿದ ಆಲ್ಕ್ ರೋಗಿಗಳಲ್ಲಿ ಒಂದು ವರ್ಷದೊಳಗೆ ನೂರಕ್ಕೆ 41 ಜನರ ಮೆದುಳಿನಲ್ಲಿ ರೋಗ ಬೆಳೆಯಿತು. ಹೊಸ ಮಾತ್ರೆ ಅಲೆಕ್ಟಿನಿಬ್ ನುಂಗಿದವರಲ್ಲಿ ನೂರಕ್ಕೆ 9 ಜನರಲ್ಲಿ. ಅದರ ನಂತರದ ಲೋರ್ಲಾಟಿನಿಬ್ ತೆಗೆದುಕೊಂಡವರ ಐದು ವರ್ಷದ ಲೆಕ್ಕ 2024ರಲ್ಲಿ ಬಂತು: ನೂರಕ್ಕೆ 60 ಜನರಲ್ಲಿ ಅಷ್ಟು ಕಾಲ ರೋಗ ಮುಂದುವರಿದಿರಲಿಲ್ಲ. ಪುಪ್ಪುಸದ ಕ್ಯಾನ್ಸರ್ ದೇಹವೆಲ್ಲ ಹಬ್ಬಿದವರ ಬಗ್ಗೆ ಇಂಥ ಅಂಕಿ ಬರೆಯುವ ದಿನ ಬರುತ್ತದೆ ಎಂದು ಇಪ್ಪತ್ತು ವರ್ಷದ ಹಿಂದೆ ಯಾರೂ ಅಂದುಕೊಂಡಿರಲಿಲ್ಲ. ಇಜಿಎಫ್‌ಆರ್‌ನವರಿಗೆ ಅಂಥ ಮಾತ್ರೆ ಓಸಿಮೆರ್ಟಿನಿಬ್. ಮೆದುಳಿನಲ್ಲಿ ಸಣ್ಣ ಗಂಟುಗಳಿದ್ದು ತೊಂದರೆ ಕೊಡದಿದ್ದರೆ, ಕೆಲವರಲ್ಲಿ ತಲೆಗೆ ವಿಕಿರಣ ಕೊಡುವುದನ್ನೇ ಮುಂದೂಡಿ ಇದರಿಂದ ಶುರು ಮಾಡುತ್ತಾರೆ. ತಲೆಗೆಲ್ಲ ವಿಕಿರಣ ಕೊಟ್ಟರೆ ನೆನಪು ಮಸುಕಾಗುವ ಸಂಭವವಿದೆ. ಶಸ್ತ್ರಕ್ರಿಯೆಗೆ ಆಗದ 538 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಬ್ರಿಟನ್ ಮುಂದಾಳತ್ವದ ಪ್ರಯೋಗವೊಂದರಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವೂ ಕಾಣಲಿಲ್ಲ. ಹಾಗಾಗಿ ಒಂದೇ ಗುರುತು ಎರಡು ಕೆಲಸ ಮಾಡುತ್ತದೆ. ‘ಈ ರೋಗಿಯ ತಲೆಯ ಮೇಲೆ ಕಣ್ಣಿಡಿ’ ಎನ್ನುತ್ತದೆ, ತಲೆಯೊಳಗೆ ತಲುಪುವ ಔಷಧಿಯನ್ನೂ ಹೇಳುತ್ತದೆ. ಉಳಿದ ಪಟ್ಟಿಗಳು ಮೊದಲನೆಯದನ್ನು ಮಾತ್ರ ಹೇಳಲು ಹೆಣಗುತ್ತಿವೆ. ಭಯ ಹೇಳಿ ಮದ್ದು ಹೇಳದ ಪರೀಕ್ಷೆಗೆ ಎತ್ತು ಮಾರಿ ದುಡ್ಡು ಕಟ್ಟುವ ಅಗತ್ಯ ಸದ್ಯಕ್ಕಿಲ್ಲ.

ಓಸಿಮೆರ್ಟಿನಿಬ್ ಕೊಳ್ಳಲಾಗದವರಿಗೂ ದಾರಿ ಮುಚ್ಚಿಲ್ಲ. ಭಾರತದ ಕಂಪನಿಗಳೇ ತಯಾರಿಸುವ ಜೆಫಿಟಿನಿಬ್ ಈಗ ಅಗ್ಗ. ಅದರ ಜೊತೆ ಎರಡು ಸಾಮಾನ್ಯ ಕೀಮೊ ಔಷಧಿ ಸೇರಿಸಿ ಟಾಟಾ ಮೆಮೋರಿಯಲ್‌ನ ವನಿತಾ ನರೋನ್ಹಾ, ಕುಮಾರ್ ಪ್ರಭಾಶ್ ಮತ್ತಿತರರು 350 ರೋಗಿಗಳಲ್ಲಿ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು: ರೋಗ ಹಿಡಿತದಲ್ಲಿದ್ದ ಅವಧಿ ಎಂಟು ತಿಂಗಳಿಂದ ಹದಿನಾರಕ್ಕೆ ಏರಿತು. ಬಡದೇಶದ ಲೆಕ್ಕದಲ್ಲಿ ಯೋಚಿಸಿ ಮಾಡಿದ ಕೆಲಸ ಅದು. ದುಬಾರಿ ಮಾತ್ರೆಯ ಬೆಲೆಯೂ ಒಂದಿಷ್ಟು ಇಳಿಯುವ ದಾರಿಯಲ್ಲಿದೆ. 2024ರ ಜುಲೈ ಬಜೆಟ್ಟಿನಲ್ಲಿ ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಓಸಿಮೆರ್ಟಿನಿಬ್ ಒಂದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಯಾವ ಔಷಧಿ, ಯಾವ ಪರೀಕ್ಷೆ ಅದರೊಳಗೆ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲ ದಿನವೇ ಕೇಳಬೇಕು, ಬಿಲ್ಲಾದ ಮೇಲಲ್ಲ.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ನಿಜವಾದ ತೊಡಕು ಔಷಧಿಗಿಂತ ಮುಂಚೆಯೇ ಶುರುವಾಗುತ್ತದೆ. ಕಿತ್ತೂರಿನವರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿದ್ದಾರೆ, ಬೆಳಗಾವಿಗೂ ಹೋಗಬಹುದು, ಧಾರವಾಡ–ಹುಬ್ಬಳ್ಳಿಗೂ. ಬೈಲಹೊಂಗಲದವರಿಗೆ ಬೆಳಗಾವಿ. ಸವದತ್ತಿಯವರು ಧಾರವಾಡದ ಬಸ್ಸು ಹತ್ತುತ್ತಾರೆ, ರಾಮದುರ್ಗದವರಿಗೆ ಬಾಗಲಕೋಟೆಯ ದಾರಿಯೂ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ದಶಕಗಳಿಂದ ಇದೆ. ಎಲ್ಲ ಬಿಟ್ಟರೆ 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ. ಮೊದಲಿನ ತರಹ ಎಲ್ಲದಕ್ಕೂ ಮೀರಜ್, ಮುಂಬೈ ಎಂದು ರೈಲು ಹತ್ತಬೇಕಿಲ್ಲ. ಈ ಆಸ್ಪತ್ರೆಗಳ ಬಾಗಿಲು ಮುಟ್ಟುವ ಮೊದಲು ಏನಾಗುತ್ತದೆ ಎಂಬುದೇ ಪ್ರಶ್ನೆ.

ಆಗುವುದು ಇದು. ಕೆಮ್ಮು, ಸಣ್ಣ ಜ್ವರ, ತೂಕ ಇಳಿತ, ಎಕ್ಸ್‌ರೇಯಲ್ಲಿ ಕಲೆ, ‘ಟಿಬಿ ಇರಬೇಕು’ ಎಂದು ಗುಳಿಗೆ. ಟಿಬಿ ನಮ್ಮಲ್ಲಿ ಅಷ್ಟು ಹೆಚ್ಚಿರುವುದರಿಂದ ಈ ಊಹೆ ತಪ್ಪೆನ್ನಲಾಗದು. ಕಫದಲ್ಲಿ ಟಿಬಿ ಕ್ರಿಮಿ ಸಿಗದೆ, ಒಂದೆರಡು ತಿಂಗಳ ಗುಳಿಗೆಗೂ ಕಲೆ ಕರಗದಿದ್ದಾಗಲೂ ಅದನ್ನೇ ಆರು ತಿಂಗಳು ಎಳೆಯುವುದು ತಪ್ಪು. ಇನ್ನೊಂದು, ಎದೆಯಲ್ಲಿ ನೀರು ತುಂಬುವುದು. ಉಸಿರುಗಟ್ಟಿದ ರೋಗಿಯ ಎದೆಗೆ ಸೂಜಿ ಹಾಕಿ ಒಂದೂವರೆ ಲೀಟರು ನೀರು ತೆಗೆಯುತ್ತಾರೆ, ರೋಗಿ ಹಗುರಾಗಿ ಮನೆಗೆ ಹೋಗುತ್ತಾನೆ, ಒಂದಿಷ್ಟು ಟಿಬಿ ಪರೀಕ್ಷೆಗೆ ಹೋಗಿ ಉಳಿದ ನೀರು ಬಚ್ಚಲಿಗೆ. ಕ್ಯಾನ್ಸರಿನಿಂದ ಬಂದ ನೀರಾದರೆ ಅದನ್ನು ಹಿಡಿದ ಬಾಟಲಿಯಲ್ಲಿ ಕ್ಯಾನ್ಸರ್ ಕೋಶಗಳು ತೇಲುತ್ತಿರುತ್ತವೆ. ಅದನ್ನು ತಿರುಗಿಸಿ ತಳಕ್ಕೆ ಕೂರಿಸಿ ಮೇಣದಲ್ಲಿ ಅಚ್ಚು ಹಾಕಿದರೆ ‘ಸೆಲ್ ಬ್ಲಾಕ್’ ಸಿಗುತ್ತದೆ. ಇಜಿಎಫ್‌ಆರ್ ಪರೀಕ್ಷೆಗೂ ಆಲ್ಕ್ ಬಣ್ಣದ ಪರೀಕ್ಷೆಗೂ ಅನೇಕ ಬಾರಿ ಅದೇ ಸಾಕು. ಪುಪ್ಪುಸಕ್ಕೆ ಇನ್ನೊಮ್ಮೆ ಸೂಜಿ ಚುಚ್ಚಬೇಕಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ನರ್ಸಿಂಗ್ ಹೋಮುಗಳಲ್ಲಿ ಆಗಬೇಕಾದ ಬದಲಾವಣೆ ಯಾವುದು ಎಂದು ಕೇಳಿದರೆ ಯಂತ್ರಗಳ ಹೆಸರು ಹೇಳುವ ಮೊದಲು ಈ ಬಾಟಲಿಯ ಹೆಸರು ಹೇಳುತ್ತೇನೆ.

ರಕ್ತದಿಂದಲೇ ಪರೀಕ್ಷೆ ಮಾಡಲಾಗದೇ? ಮಾಡುತ್ತಾರೆ. ಗಂಟು ಉದುರಿಸಿದ ಡಿಎನ್‌ಎ ಚೂರುಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ. ಸಿಕ್ಕರೆ ನಂಬಬಹುದು, ಸಿಗದಿದ್ದರೆ ಇಲ್ಲ ಎಂದು ಅರ್ಥವಲ್ಲ. ರೋಗ ಮೆದುಳಿನಲ್ಲಿ ಮಾತ್ರ ಬೆಳೆಯುತ್ತಿದ್ದರಂತೂ ಆ ತಡೆಯ ಕಾರಣದಿಂದ ಚೂರುಗಳು ರಕ್ತಕ್ಕೆ ಬರುವುದೇ ಕಡಿಮೆ. ಆಗ ಬೆನ್ನಿನಿಂದ ತೆಗೆದ ದ್ರವದಲ್ಲಿ ಹುಡುಕುವುದುಂಟು.

ತಲೆಯ ಸ್ಕ್ಯಾನಿನ ವಿಷಯದಲ್ಲೂ ಒಂದು ಚೌಕಾಸಿ ನಡೆಯುತ್ತದೆ: ‘ತಲಿ ನೋವ ಇಲ್ಲಲ್ರಿ, ಸ್ಕ್ಯಾನ್ ಯಾಕ?’ ಇಜಿಎಫ್‌ಆರ್ ಅಥವಾ ಆಲ್ಕ್ ಇದ್ದವರಿಗೆ ನೋವಿಲ್ಲದಾಗಲೇ ಬೇಕು. ಸಿ.ಟಿ.ಗಿಂತ ಬಣ್ಣ ಹಾಕಿದ ಎಂಆರ್‌ಐ ಮೇಲು, ಕೆಲವೇ ಮಿಲಿಮೀಟರಿನ ಗಂಟು ಅದರಲ್ಲಿ ಕಾಣುತ್ತದೆ. ಆ ಗಾತ್ರದಲ್ಲಿ ಸಿಕ್ಕರೆ ಮಾತ್ರೆಗೋ, ಗಂಟಿಗಷ್ಟೇ ಗುರಿಯಿಟ್ಟ ವಿಕಿರಣಕ್ಕೋ ಅವಕಾಶವಿರುತ್ತದೆ. ಫಿಟ್ಸ್ ಬಂದು ಬಿದ್ದ ಮೇಲೆ ಆಯ್ಕೆಗಳು ಕಿರಿದಾಗುತ್ತವೆ. ಸ್ಮಾಲ್ ಸೆಲ್ ಎಂಬ ಜಾತಿಯ ಕ್ಯಾನ್ಸರಿನವರಿಗೆ, ನೂರರಲ್ಲಿ ಹದಿನೈದರಷ್ಟು ಜನ, ಈ ಜೀನುಗಳ ಮಾತು ಅನ್ವಯಿಸುವುದಿಲ್ಲ. ಆದರೆ ಅದು ತಲೆಗೆ ಏರುವುದು ಇನ್ನೂ ಬೇಗ, ಅವರಿಗೂ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಕೊನೆಗೆ ಬ್ಲಾಕಿನ ವಿಚಾರ. ಬಯಾಪ್ಸಿಯ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಬೇಕು. ಸಲೈನಿನಲ್ಲಿ ಹಾಕಿ ದೂರದ ಲ್ಯಾಬಿಗೆ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ. ಫಾರ್ಮಲಿನ್‌ನಲ್ಲೇ ವಾರಗಟ್ಟಲೆ ಬಿಟ್ಟರೆ ಡಿಎನ್‌ಎ ಮುರಿಯುತ್ತದೆ. ಲ್ಯಾಬಿನವರು ಆ ಚೂರನ್ನು ಸಣ್ಣ ಮೇಣದ ಬಿಲ್ಲೆಯಲ್ಲಿ ಕೂರಿಸಿ ಸಂಖ್ಯೆ ಬರೆದು ಕಾಪಿಡುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದ ಮಾತ್ರ ಒಯ್ದು ಅಲ್ಲಿ ಮತ್ತೆ ಬಯಾಪ್ಸಿಗೆ ಮಲಗುವವರೇ ಹೆಚ್ಚು. ಆ ಬಿಲ್ಲೆಯನ್ನು, ಜೊತೆಗೆ ಗಾಜುಗಳನ್ನು, ಅರ್ಜಿ ಕೊಟ್ಟು ಕೇಳಿ ಪಡೆಯಬಹುದು. ಫ್ರಿಜ್ ಬೇಕಿಲ್ಲ, ಒಂದು ಸಣ್ಣ ಡಬ್ಬಿ ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ ಅದನ್ನು ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಮೇಣ ಕರಗುವುದು ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ, ರಾಮದುರ್ಗದ ಬಿಸಿಲಿಗೆ ಮುಚ್ಚಿದ ಕಾರಿನ ಗಾಜಿನ ಕೆಳಗೆ ಅಷ್ಟು ಏರುವುದು ದೊಡ್ಡ ಮಾತಲ್ಲ.